ಬರೆದುಕೊಂಡು ಹೋದವರು ಓದಿ ಹೇಳಲು ಬರಲಿಲ್ಲ

ಹೋದ ವಾರ ನಮ್ಮ ಕಾಲೇಜಿನ ವಿದ್ಯಾರ್ಥಿನಿಯೊಬ್ಬಳು ಕಿರು ಸಂಶೋಧನೆಯ ಪ್ರಶ್ನಾವಳಿಯನ್ನು ತೋರಿಸಲು ಬಂದಳು. ಮೊದಲ ಪುಟದಲ್ಲೇ ಈ ಪ್ರಶ್ನೆ: "ಕುಡಿಯುವ ನೀರು ತರಲು ದಿನಕ್ಕೆ ಎಷ್ಟು ಸಮಯ ಬೇಕು?" ಕೆಳಗೆ ನಾಲ್ಕು ಚೌಕ. ಹದಿನೈದು ನಿಮಿಷ, ಮೂವತ್ತು ನಿಮಿಷ, ಒಂದು ಗಂಟೆ, ಅದಕ್ಕಿಂತ ಹೆಚ್ಚು. ಆ ಚೌಕಗಳನ್ನು ನೋಡುತ್ತಿದ್ದಂತೆ ನನ್ನ ಕೈ ನಿಂತಿತು. ಇದೇ ಪ್ರಶ್ನೆಯನ್ನು ಇಪ್ಪತ್ತು ವರ್ಷಗಳ ಹಿಂದೆ ನಾನೇ ನನ್ನ ಬಾಯಿಂದ ಕೇಳಿದ್ದೆ.

ನಮ್ಮದು ಬಾಗೇಪಲ್ಲಿ ತಾಲ್ಲೂಕಿನ ಹಳ್ಳಿ. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಆಗಿನ್ನೂ ನಾವು ಕೋಲಾರ ಜಿಲ್ಲೆಯವರು. ಚಿಕ್ಕಬಳ್ಳಾಪುರ ಬೇರೆ ಜಿಲ್ಲೆಯಾದದ್ದು 2007ರಲ್ಲಿ. ನಾನು ಬಿ.ಎಸ್ಸಿ. ಓದುತ್ತಿದ್ದಾಗ ಊರಿಗೆ ಒಂದು ಸಂಶೋಧನಾ ತಂಡ ಬಂದಿತ್ತು. ಪ್ರಶ್ನೆಗಳು ಇಂಗ್ಲಿಷಿನಲ್ಲಿದ್ದವು. ಅವರು ಕನ್ನಡದಲ್ಲಿ ಹೇಳುತ್ತಿದ್ದರು, ನಾನು ತೆಲುಗಿಗೆ ತಿರುಗಿಸುತ್ತಿದ್ದೆ. ನಮ್ಮ ಬೀದಿಯ ದೊಡ್ಡಮ್ಮನ ಜಗಲಿಯ ಮೇಲೆ ಕುಳಿತು ನೀರಿನ ಪ್ರಶ್ನೆ ಕೇಳಿದಾಗ ಅವರು ಹೇಳಿದ್ದು ಇಷ್ಟು: "ತ್ರೀ ಫೇಸ್ ಕರೆಂಟು ಬಂದಾಗ ನೀರು. ರಾತ್ರಿ ಎರಡಕ್ಕೆ ಬಂದರೆ ಎರಡಕ್ಕೆ. ಬಿಂದಿಗೆ ಸಾಲಿನಲ್ಲಿಟ್ಟು ಅಲ್ಲೇ ಮಲಗುತ್ತೇವೆ. ಇದಕ್ಕೆ ನಿಮಿಷದ ಲೆಕ್ಕ ಹೇಗೆ ಹೇಳಲಿ ಮಗು?"

ಬರೆದುಕೊಳ್ಳುತ್ತಿದ್ದ ಯುವಕ ಸ್ವಲ್ಪ ಯೋಚಿಸಿ ಮೂವತ್ತು ನಿಮಿಷದ ಚೌಕಕ್ಕೆ ಗುರುತು ಹಾಕಿದ. ಕರೆಂಟಿನ ಮಾತು ಕಾಗದದ ಮೇಲೆ ಬರಲಿಲ್ಲ. ಅಲ್ಲೇ ಮಲಗುವ ಮಾತೂ ಬರಲಿಲ್ಲ. ಸಾಲಿನಲ್ಲಿ ಯಾವ ಕೇರಿಯ ಬಿಂದಿಗೆ ಮೊದಲು, ಯಾವುದು ಕೊನೆಗೆ ಎಂಬುದಂತೂ ಯಾರ ನಾಲಿಗೆಗೂ ಬರಲಿಲ್ಲ.

ಎಲ್ಲ ಮುಗಿದ ಮೇಲೆ ದೊಡ್ಡಮ್ಮ ತಾವೇ ಒಂದು ಪ್ರಶ್ನೆ ಕೇಳಿದರು. ನಮ್ಮ ಮಕ್ಕಳ ಹಲ್ಲಿನ ಮೇಲೆ ಈ ಕಂದು ಗೆರೆ ಏಕೆ ಬರುತ್ತದೆ, ಈ ಕಾಗದ ಅದನ್ನು ಹೇಳುತ್ತದೆಯೇ? ನಾನು ಅನುವಾದಿಸಿದೆ. ಅದು ನಮ್ಮ ವಿಷಯವಲ್ಲ, ಅದಕ್ಕೆ ಬೇರೆಯವರು ಬರುತ್ತಾರೆ ಎಂದು ಉತ್ತರ ಬಂತು. ಎರಡು ವರ್ಷದ ನಂತರ ಬೇರೆಯವರೂ ಬಂದರು, ಬೋರ್‌ವೆಲ್ಲಿನ ನೀರನ್ನು ಬಾಟಲಿಗಳಲ್ಲಿ ತುಂಬಿಕೊಂಡು ಹೋದರು. ಕರೆಂಟಿನ ವಿಷಯ ಅವರದಾಗಿರಲಿಲ್ಲ. ಎರಡು ತಂಡಗಳಲ್ಲಿ ಒಂದೂ ಮರಳಿ ಬರಲಿಲ್ಲ. ದೊಡ್ಡಮ್ಮ ಕೊನೆಯ ವರ್ಷಗಳಲ್ಲಿ ಮಂಡಿ ಮಡಿಸಲಾಗದೆ ನರಳಿದರು. ನೀರಿನಿಂದಲೋ ವಯಸ್ಸಿನಿಂದಲೋ ಎಂದು ಯಾರೂ ಪರೀಕ್ಷಿಸಲಿಲ್ಲ.

ಅವರಿಗೆ ಹೇಳಬಹುದಾಗಿದ್ದ ಸಂಗತಿಗಳು ಆಗಲೇ ವಿಜ್ಞಾನಕ್ಕೆ ಚೆನ್ನಾಗಿ ತಿಳಿದಿದ್ದವು. ನನ್ನನ್ನು ಇವತ್ತಿಗೂ ಸುಡುವುದು ಅದೇ. ಮಕ್ಕಳ ಹಲ್ಲಿನ ಮೇಲೆ ಅಂಥ ಗೆರೆ ಮೂಡಿಸುವುದು ನೀರಿನಲ್ಲಿ ಹೆಚ್ಚಾದ ಫ್ಲೋರೈಡ್. ಅದರಿಂದ ನಮ್ಮ ದೇಶದಲ್ಲಿ ಮೂಳೆಯ ಕಾಯಿಲೆಯೂ ಬರುತ್ತಿದೆ ಎಂದು ವೈದ್ಯರು 1937ರಲ್ಲೇ ನೆಲ್ಲೂರಿನ ಹಳ್ಳಿಗಳನ್ನು ನೋಡಿ ಬರೆದಿದ್ದರು. ನೆಲ್ಲೂರು ನಮಗೆ ದೂರದ ಊರೇನಲ್ಲ. ನಮ್ಮ ಕಾಲ ಕೆಳಗಿನ ಗ್ರಾನೈಟ್ ಮತ್ತು ನೈಸ್ ಬಂಡೆಗಳ ಖನಿಜಗಳಲ್ಲಿ ಫ್ಲೋರೈಡ್ ಇದೆ. ನೀರು ಬಂಡೆಯ ಬಿರುಕುಗಳಲ್ಲಿ ಹೆಚ್ಚು ಕಾಲ ನಿಂತಷ್ಟೂ ಅದು ಹೆಚ್ಚು ಕರಗುತ್ತದೆ. ಕೆರೆ ಬತ್ತಿ, ತೆರೆದ ಬಾವಿ ಬತ್ತಿ, ಬೋರ್‌ವೆಲ್ಲನ್ನು ಸಾವಿರ ಅಡಿ ದಾಟಿಸಿದ ಮೇಲೆ ನಮ್ಮ ಬಿಂದಿಗೆಗೆ ಬಂದದ್ದು ಅಂಥ ಹಳೆಯ ನೀರು. ಲೀಟರಿಗೆ 1 ಮಿಲಿಗ್ರಾಂ ಮೀರಬಾರದು, ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಎಂದು ನಮ್ಮ ದೇಶದ ಮಾನದಂಡ ಹೇಳುತ್ತದೆ. ಆ ನೀರನ್ನು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಸಾಂದ್ರತೆ ಹೆಚ್ಚುತ್ತದೆ. ನಮ್ಮ ತಾಯಂದಿರು ಮಕ್ಕಳಿಗೆ ಒಳ್ಳೆಯದಾಗಲಿ ಎಂದು ಅದನ್ನೇ ಚೆನ್ನಾಗಿ ಕುದಿಸಿ ಕುಡಿಸುತ್ತಿದ್ದರು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬ ಒಂದು ವಾಕ್ಯವನ್ನು ಯಾರಾದರೂ ಅರಳಿಕಟ್ಟೆಯ ಮೇಲೆ ನಿಂತು ಹೇಳಿದ್ದರೆ ಸಾಕಿತ್ತು.

ಹಲ್ಲಿನ ಗೆರೆಯ ಕಾರಣ ಹುಡುಕಲು ಹೊರಟರೆ ರಸಾಯನಶಾಸ್ತ್ರದಲ್ಲಿ ಮಾತ್ರ ನಿಲ್ಲಲಾಗುವುದಿಲ್ಲ. ಬಂಡೆಯ ಗುಣವನ್ನು ಭೂವಿಜ್ಞಾನಿ ಹೇಳಬೇಕು. ಬೋರ್‌ವೆಲ್ ಇಷ್ಟು ಆಳಕ್ಕೆ ಏಕೆ ಹೋಯಿತು ಎಂಬುದನ್ನು ಸಾಲ, ಟೊಮೆಟೊ, ರೇಷ್ಮೆಯ ಲೆಕ್ಕ ಗೊತ್ತಿರುವ ಅರ್ಥಶಾಸ್ತ್ರಜ್ಞರು ಹೇಳಬೇಕು. ಕೆರೆ ಏಕೆ ಹೂಳಿನಿಂದ ತುಂಬಿತು ಎಂದು ಕೇಳಿದರೆ ಇತಿಹಾಸಕ್ಕೆ ಹೋಗಬೇಕು. ಬಿ.ಎಲ್. ರೈಸ್ ಸಂಪಾದಿಸಿದ ಕೋಲಾರ ಜಿಲ್ಲೆಯ ಶಾಸನಗಳ ಸಂಪುಟ ಬಂದದ್ದು 1905ರಲ್ಲಿ. ಕೆರೆ ಕಟ್ಟಿಸಿದವರಿಗೆ, ಕಾಪಾಡಿದವರಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂದು ಭೂಮಿ ಬಿಟ್ಟುಕೊಟ್ಟ ಕಥೆಯನ್ನು ನಮ್ಮ ಶಾಸನಗಳು ಹೇಳುತ್ತವೆ. ಆ ವ್ಯವಸ್ಥೆಯಲ್ಲಿ ತೂಬು ತೆರೆದು ಗದ್ದೆಗದ್ದೆಗೆ ನೀರು ಹಂಚುತ್ತಿದ್ದವರು ನೀರುಗಂಟಿಗಳು, ನಮ್ಮ ಕಡೆ ಬಹುಪಾಲು ದಲಿತ ಮನೆತನದವರು. ಕೆರೆಯ ನೀರನ್ನೆಲ್ಲ ಹಂಚಿದ ಆ ಮನೆಯ ಹೆಣ್ಣುಮಗಳ ಬಿಂದಿಗೆ ನಲ್ಲಿಯ ಸಾಲಿನಲ್ಲಿ ಕೊನೆಗೆ ಹೋದದ್ದು ಹೇಗೆ? ಅದು ಸಮಾಜಶಾಸ್ತ್ರದ ಪ್ರಶ್ನೆ. ದೊಡ್ಡಮ್ಮನಿಗೆ ಇದೆಲ್ಲ ಒಂದೇ ಬಿಂದಿಗೆಯ ವಿಷಯವಾಗಿತ್ತು. ಬಂದವರ ಕೈಯಲ್ಲಿ ಅದು ಐದು ವಿಭಾಗಗಳಾಗಿ ಹರಿದುಹೋಯಿತು.

ಸಂಶೋಧನೆಯ ಮೇಲೆ ನನಗೆ ಕೋಪವಿದೆ ಎಂದು ಯಾರೂ ತಿಳಿಯಬಾರದು. ಅದರ ಮೇಲಿನ ಪ್ರೀತಿಯಿಂದಲೇ ಇದನ್ನು ಬರೆಯುತ್ತಿದ್ದೇನೆ. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ ಹುಟ್ಟಿ, ಅಮೆರಿಕದಲ್ಲಿ ಪರಮಾಣು ಬೀಜ ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದು, ಹಿಂದಿರುಗಿ ಬದುಕೆಲ್ಲ ಸಾಮಾನ್ಯ ಜನರ ಜೊತೆ ವಿಜ್ಞಾನ ಮಾತನಾಡಿದ ಎಚ್. ನರಸಿಂಹಯ್ಯನವರ ಸೀಮೆಯವರು ನಾವು. ಅದೇ ಗೌರಿಬಿದನೂರಿನ ಬಯಲಿನಲ್ಲಿ 1976ರಿಂದ ರೇಡಿಯೊ ದೂರದರ್ಶಕವಿದೆ.

ಕೋಲಾರದ ಚಿನ್ನದ ಗಣಿಯದು ಇನ್ನೂ ದೊಡ್ಡ ಕಥೆ. 1965ರಲ್ಲಿ ಚಾಂಪಿಯನ್ ರೀಫ್ ಗಣಿಯಲ್ಲಿ, ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಮತ್ತು ಇಂಗ್ಲೆಂಡಿನ ಡರ್ಹಮ್‌ನ ವಿಜ್ಞಾನಿಗಳು ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಅತಿ ಸೂಕ್ಷ್ಮ ಕಣಗಳ ಸುಳಿವು ಹಿಡಿದರು. ಅದೇ ವರ್ಷ ದಕ್ಷಿಣ ಆಫ್ರಿಕಾದ ಚಿನ್ನದ ಗಣಿಯೊಂದರಲ್ಲೂ ಅದು ಸಿಕ್ಕಿತು. ಜಗತ್ತಿನಲ್ಲಿ ಅದಕ್ಕೂ ಮೊದಲು ಯಾರೂ ಅದನ್ನು ಕಂಡಿರಲಿಲ್ಲ. ಆಕಾಶದಿಂದ ಬೀಳುವ ಬೇರೆ ಕಣಗಳಲ್ಲಿ ಬಹುಪಾಲನ್ನು ಬಂಡೆ ತಡೆಯುತ್ತದೆ. ನ್ಯೂಟ್ರಿನೊ ಸಲೀಸಾಗಿ ಬಂಡೆಯನ್ನು ಹಾದು ಬರುತ್ತದೆ, ಅದಕ್ಕೇ ಅಷ್ಟು ಆಳ ಬೇಕಾಗಿತ್ತು. ಆ ಆಳವನ್ನು ತೋಡಿದವರು ಮೂರು ನಾಲ್ಕು ತಲೆಮಾರಿನ ಗಣಿ ಕಾರ್ಮಿಕರು. ಬಂಡೆ ಸಿಡಿದು ಸತ್ತವರು, ಸಿಲಿಕಾ ಧೂಳು ಕುಡಿದು ಶ್ವಾಸಕೋಶ ಕಳೆದುಕೊಂಡವರು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಭೌತವಿಜ್ಞಾನ, ಶಿಲಾವಿಜ್ಞಾನ, ವೈದ್ಯವಿಜ್ಞಾನ ಮೂರೂ ಅದೇ ನೆಲದಿಂದ ಜ್ಞಾನ ಪಡೆದವು. ನನ್ನ ತರಗತಿಯಲ್ಲಿ ನ್ಯೂಟ್ರಿನೊ ಮತ್ತು ಕೋಲಾರದ ನಂಟನ್ನು ಕೇಳಿದರೆ ಒಂದು ಕೈಯೂ ಮೇಲೇಳಲಿಲ್ಲ. ಅವರಲ್ಲಿ ಒಬ್ಬನ ಅಜ್ಜ ಅದೇ ಗಣಿಯಲ್ಲಿ ದುಡಿದವರು.

ಈಗ ಕೆ.ಸಿ. ವ್ಯಾಲಿ, ಅಂದರೆ ಬೆಂಗಳೂರಿನ ಕೋರಮಂಗಲ-ಚಲ್ಲಘಟ್ಟ ಕಣಿವೆಯ ನೀರಿನ ವಿಷಯಕ್ಕೆ ಬರುತ್ತೇನೆ. ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತದಲ್ಲಿ ಶುದ್ಧೀಕರಿಸಿ ಕೋಲಾರದ ಕೆರೆಗಳಿಗೆ ಹರಿಸುವುದು 2018ರಲ್ಲಿ ಶುರುವಾಯಿತು. ಅದೇ ವರ್ಷ ಲಕ್ಷ್ಮೀಸಾಗರ ಕೆರೆಯಲ್ಲಿ ನೊರೆ ಎದ್ದಿತು, ವಿಷಯ ಹೈಕೋರ್ಟಿಗೆ ಹೋಯಿತು. ನಂತರ ಕೆರೆಗಳು ತುಂಬಿದವು, ಸುತ್ತಲಿನ ಬೋರ್‌ವೆಲ್ಲುಗಳಲ್ಲಿ ನೀರು ಮೇಲೆ ಬಂತು. ಮೂರನೆಯ ಹಂತದ ಶುದ್ಧೀಕರಣ ಬೇಕು ಎಂಬ ಬೇಡಿಕೆ ಇವತ್ತಿಗೂ ನಿಂತಿಲ್ಲ. ಎಚ್.ಎನ್. ವ್ಯಾಲಿಯ, ಅಂದರೆ ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಶುದ್ಧೀಕರಿಸಿದ ನೀರು ಬರುವ ನಮ್ಮ ಚಿಕ್ಕಬಳ್ಳಾಪುರದಲ್ಲೂ ಅದೇ ಮಾತು. ಅಂತರ್ಜಲದ ಮಟ್ಟ ಅಳೆದವರು ಒಳ್ಳೆಯದಾಗಿದೆ ಎನ್ನುತ್ತಾರೆ. ನೀರಿನ ಗುಣ ನೋಡುವವರು ಎಚ್ಚರಿಕೆ ಹೇಳುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಆದರೆ ಕೆರೆಯ ಅಚ್ಚುಕಟ್ಟಿನಲ್ಲಿ ಸೊಪ್ಪು ಬೆಳೆಯುವ ರೈತ ಎರಡೂ ವರದಿಗಳನ್ನು ಒಂದೇ ಕಟ್ಟೆಯ ಮೇಲೆ ಕೇಳಿಸಿಕೊಂಡು, "ಹಾಗಾದರೆ ನನ್ನ ಹಸುವಿಗೆ ಈ ನೀರು ಕುಡಿಸಲೇ?" ಎಂದು ಎದ್ದು ಕೇಳುವ ಸಭೆಯನ್ನು ನಾನು ಈವರೆಗೆ ಕಂಡಿಲ್ಲ. ಪರಿಣತರು ಪತ್ರಿಕೆಗಳಲ್ಲಿ ವಾದಿಸುತ್ತಾರೆ. ಅವನ ಪ್ರಶ್ನೆ ಹಾಗೆಯೇ ಉಳಿಯುತ್ತದೆ.

2017ರಲ್ಲಿ ದಕ್ಷಿಣ ಆಫ್ರಿಕಾದ ಸಾನ್ ಎಂಬ ಮೂಲನಿವಾಸಿ ಸಮುದಾಯದವರು ತಮ್ಮ ಬಗ್ಗೆ ಸಂಶೋಧನೆ ಮಾಡಲು ಬರುವವರಿಗೆ ತಾವೇ ನೀತಿಸಂಹಿತೆ ಬರೆದರು. ಗೌರವ, ಪ್ರಾಮಾಣಿಕತೆ, ನ್ಯಾಯ, ಕಾಳಜಿ ಇರಬೇಕು, ಒಪ್ಪಿದ ಕ್ರಮದ ಪ್ರಕಾರವೇ ನಡೆದುಕೊಳ್ಳಬೇಕು ಎಂದರು. ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮ ಗ್ರಾಮ ಪಂಚಾಯಿತಿಗಳು ಇಂಥದ್ದನ್ನು ಏಕೆ ಮಾಡಬಾರದು? ನಾನು ಕೇಳುವುದು ದೊಡ್ಡದೇನಲ್ಲ. ಯಾವ ಹಳ್ಳಿಯಿಂದ ಮಾಹಿತಿ, ನೀರು, ಮಣ್ಣು, ರಕ್ತದ ಮಾದರಿ ತೆಗೆದುಕೊಂಡರೋ ಆ ಹಳ್ಳಿಯ ಗ್ರಾಮಸಭೆಯಲ್ಲಿ ನಾಲ್ಕು ಪುಟದ ಕನ್ನಡ ಸಾರಾಂಶ ಓದಬೇಕು. ಅದನ್ನು ಓದಿದ ದಾಖಲೆಯಿಲ್ಲದೆ ವಿಶ್ವವಿದ್ಯಾಲಯ ಪಿಎಚ್.ಡಿ. ಕೊಡಬಾರದು. ಪಿಎಚ್.ಡಿ. ಪ್ರಬಂಧಗಳ ಅಂತರ್ಜಾಲ ಭಂಡಾರವಾದ ಶೋಧಗಂಗಾದಲ್ಲಿ ಪ್ರಬಂಧ ಏರಿಸುವುದು ಕಡ್ಡಾಯವಾದಂತೆ ಇದೂ ಕಡ್ಡಾಯವಾಗಲಿ. ಹಳ್ಳಿಯವರಿಗೆ ಅರ್ಥವಾಗುವುದಿಲ್ಲ ಎನ್ನುವ ಸಹೋದ್ಯೋಗಿಗಳಿದ್ದಾರೆ. ರಾತ್ರಿ ಎರಡು ಗಂಟೆಯ ಕರೆಂಟು, ಸಾವಿರದಿನ್ನೂರು ಅಡಿಯ ಬೋರ್‌ವೆಲ್, ಬ್ಯಾಂಕಿನ ಬಡ್ಡಿ ಎಲ್ಲ ಅರ್ಥವಾಗುವವರಿಗೆ ಲೀಟರಿಗೆ ಒಂದೂವರೆ ಮಿಲಿಗ್ರಾಂ ಅರ್ಥವಾಗುವುದಿಲ್ಲವೇ?

ಈ ವರ್ಷ ನಮ್ಮ ರಸಾಯನಶಾಸ್ತ್ರದ ಮತ್ತು ಇತಿಹಾಸದ ಮಕ್ಕಳು ಸೇರಿ ಹತ್ತಿರದ ಒಂದು ಹಳ್ಳಿಯ ನೀರಿನ ನಕಾಶೆ ಮಾಡಿದರು. ಹೋದ ತಿಂಗಳು ಅದನ್ನು ಊರಿನ ಮುಂದೆ ಹರಡಿ ಓದಿದೆವು. ನೀರುಗಂಟಿ ಮನೆತನದ ಹಿರಿಯರೊಬ್ಬರು ಬಹಳ ಹೊತ್ತು ಬಗ್ಗಿ ನೋಡಿ, "ಇಲ್ಲಿ ಎರಡನೇ ತೂಬು ಬಿಟ್ಟಿದ್ದೀರಿ" ಎಂದು ಬೆರಳಿಟ್ಟರು. ನಮ್ಮನ್ನು ಏರಿಯ ಮೇಲೆ ಕರೆದುಕೊಂಡು ಹೋಗಿ ಜಾಲಿ ಪೊದೆ ಸರಿಸಿ ಕಲ್ಲು ತೋರಿಸಿದರು. ಪ್ರಶ್ನಾವಳಿ ತಂದಿದ್ದ ಹುಡುಗಿಗೆ ಈಗ ಹೇಳಿದ್ದೇನೆ: ಚೌಕಗಳನ್ನೆಲ್ಲ ತೆಗೆದುಬಿಡು, ಜಾಗ ಬಿಡು, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆ. ಬರುವ ಶನಿವಾರ ತಿದ್ದಿದ ನಕಾಶೆ ಹಿಡಿದು ಅದೇ ಊರಿಗೆ ಮತ್ತೆ ಹೋಗುತ್ತಿದ್ದೇವೆ. ಅವಳೂ ಬರುತ್ತಾಳೆ.