ಫ್ರೀಜರ್‌ನಲ್ಲಿಟ್ಟರೆ ಕ್ಯಾಮೆರಾ ಬ್ಯಾಟರಿ ಸರಿಹೋಗದು: ಒಂದು ಸ್ಪಷ್ಟನೆ

‘ಸತ್ತ ಕ್ಯಾಮೆರಾ ಬ್ಯಾಟರಿಯನ್ನು ಒಂದು ರಾತ್ರಿ ಫ್ರೀಜರ್‌ನಲ್ಲಿಡಿ, ಹೊಸದರಂತಾಗುತ್ತದೆ’ ಎಂಬ ಸಂದೇಶ ಮಡಿಕೇರಿ, ವಿರಾಜಪೇಟೆ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ದಯವಿಟ್ಟು ಹಾಗೆ ಮಾಡಬೇಡಿ.

ಲಿಥಿಯಂ ಅಯಾನ್ ಬ್ಯಾಟರಿ ಸೊರಗುವುದು ಒಳಗಿನ ರಾಸಾಯನಿಕ ಸವೆತದಿಂದ. ಚಳಿಗೆ ಅದನ್ನು ಸರಿಪಡಿಸುವ ಶಕ್ತಿಯಿಲ್ಲ. ಮೇಲಾಗಿ ನಮ್ಮ ಕೊಡಗಿನ ಕಕ್ಕಡದ, ಅಂದರೆ ಜೋರು ಮಳೆಯ ತಿಂಗಳಿನ, ತೇವದ ಗಾಳಿಗೆ ಅದನ್ನು ಹೊರತೆಗೆದೊಡನೆ ಮೈಮೇಲೆಲ್ಲ ನೀರಹನಿ ಕಟ್ಟುತ್ತದೆ. ಹಾಗೇ ಕ್ಯಾಮೆರಾಕ್ಕೆ ಹಾಕಿದರೆ ಕ್ಯಾಮೆರಾವೂ ಕೆಡಬಹುದು.

ನಿಜ ಇದಕ್ಕೆ ತದ್ವಿರುದ್ಧ. ಚಳಿಯಲ್ಲಿ ಬ್ಯಾಟರಿ ತಾತ್ಕಾಲಿಕವಾಗಿ ಮಂಕಾಗುತ್ತದೆ. 1,748 ಮೀಟರ್ ಎತ್ತರದ ತಡಿಯಂಡಮೋಳ್‌ನಲ್ಲಿ ಬೆಳಗಿನ ಚಳಿಗೆ ‘ಖಾಲಿ’ ಎಂದು ತೋರಿಸಿದ ಬ್ಯಾಟರಿಯನ್ನು ಒಳಜೇಬಿನಲ್ಲಿ ಬೆಚ್ಚಗಿಟ್ಟರೆ ಇನ್ನಷ್ಟು ಚಿತ್ರ ಸಿಗುತ್ತದೆ. ಆ ಬೆಟ್ಟ ಹತ್ತುವವರಿಗೆ ಇದೊಂದು ತಿಳಿದಿದ್ದರೆ ಸಾಕು.

ಮಳೆಗಾಲವಿಡೀ ಬೀರುವಿನಲ್ಲಿದ್ದ ಕ್ಯಾಮೆರಾ ಆನ್ ಆಗದಿದ್ದರೆ ಮೊದಲು ಬ್ಯಾಟರಿಯ ಮತ್ತು ಕ್ಯಾಮೆರಾದ ಲೋಹದ ತುದಿಗಳನ್ನು ನೋಡಿ. ಮಸುಕಾಗಿದ್ದರೆ ಒಣ ಹತ್ತಿಬಟ್ಟೆಯಿಂದ ಮೆಲ್ಲಗೆ ಒರೆಸಿ. ಪೆನ್ಸಿಲ್ ಸೆಲ್ ಹಾಕುವ ಕ್ಯಾಮೆರಾದಲ್ಲಿ ಸಾಮಾನ್ಯ ಆಲ್ಕಲೈನ್ ಸೆಲ್ ಮೇಲೆ 1.5 ವೋಲ್ಟ್ ಎಂದಿದ್ದರೂ ಫ್ಲಾಶ್ ಮತ್ತು ಲೆನ್ಸ್ ಮೋಟಾರಿನ ಹೊರೆಗೆ ಬೇಗ ಕುಸಿಯುತ್ತದೆ, 1.2 ವೋಲ್ಟಿನ ರೀಚಾರ್ಜ್ ಮಾಡುವ ನಿಕಲ್ ಮೆಟಲ್ ಹೈಡ್ರೈಡ್ ಸೆಲ್ಲೇ ಹೆಚ್ಚು ಹೊತ್ತು ತಡೆಯುತ್ತದೆ.

ಲೆನ್ಸ್ ಅರ್ಧಕ್ಕೆ ನಿಂತಿದ್ದರೆ ಕೈಯಿಂದ ಒತ್ತಬೇಡಿ, ಪೂರ್ತಿ ಚಾರ್ಜ್ ಆದ ಬ್ಯಾಟರಿ ಹಾಕಿ ನೋಡಿ. ಉಬ್ಬಿದ ಬ್ಯಾಟರಿಯನ್ನಂತೂ ಚಾರ್ಜಿಗೆ ಹಾಕಲೇಬೇಡಿ, ಚುಚ್ಚಬೇಡಿ. ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ.