ಹೋಮ್‌ಸ್ಕೂಲಿಂಗ್ ಮಾಡ್ತೀವಿ ಅನ್ನುವ ಅಪ್ಪಂದಿರಿಗೆ

ವಾರಕ್ಕೊಂದಾದರೂ ಮೆಸೇಜು ಬರುತ್ತದೆ. "ಸರ್, ಮಗನನ್ನ ಸ್ಕೂಲ್ ಬಿಡಿಸಿ ಮನೇಲೇ ಓದಿಸೋಣ ಅಂತಿದೀವಿ. ಎಲ್ಲಿಂದ ಶುರು ಮಾಡೋದು?" ಹೀಗೆ ಕೇಳುವವರಲ್ಲಿ ಹೆಚ್ಚಿನವರು ಅಪ್ಪಂದಿರೇ. ನಾನು ತಿರುಗಿಸಿ ಒಂದೇ ಪ್ರಶ್ನೆ ಕೇಳುತ್ತೇನೆ: ಬುಧವಾರ ಬೆಳಿಗ್ಗೆ ಹನ್ನೊಂದು ಗಂಟೆಗೆ ಮಗುವಿನ ಜೊತೆ ಮನೆಯಲ್ಲಿ ಯಾರಿರ್ತಾರೆ? "ನಮ್ಮ ಮಿಸೆಸ್ ಇರ್ತಾರಲ್ಲ ಸರ್" ಅನ್ನುತ್ತಾರೆ. ಆರು ವರ್ಷದ ಹಿಂದಿನ ನನ್ನ ಮುಖವೇ ಕಂಡಂತಾಗುತ್ತದೆ.

2020ರ ಮಾರ್ಚ್‌ನಲ್ಲಿ ಶಾಲೆಗಳು ಮುಚ್ಚಿದಾಗ ಮಗಳು ಮೂರನೇ ಕ್ಲಾಸು, ಮಗ ಎಲ್‌ಕೆಜಿ. ಮೊಬೈಲಿನಲ್ಲಿ ಪಾಠ ಕೇಳುತ್ತಾ ಮಗಳು ಕಣ್ಣುಜ್ಜುವುದು, ಮಿಸ್ "ಎಲ್ಲರೂ ಮ್ಯೂಟ್ ಮಾಡಿ" ಅನ್ನುವುದು, ಇದೇ ಒಂದು ವರ್ಷ ನಡೆಯಿತು. ಶಾಲೆ ತೆರೆದಾಗ ನಾವು ಕಳಿಸಲಿಲ್ಲ. ನಾನು ನಾಲ್ಕಾರು ಪುಸ್ತಕ ಓದಿ, ಹತ್ತಾರು ವಿಡಿಯೋ ನೋಡಿ, ಸಿಕ್ಕವರಿಗೆಲ್ಲ ಮಗು ಹೇಗೆ ಕಲಿಯುತ್ತದೆ ಅಂತ ಭಾಷಣ ಬಿಗಿಯುತ್ತಿದ್ದೆ. ಮೊದಲ ವರ್ಷದ ಸತ್ಯ ಇಷ್ಟೇ: ನಾನು ಹೋಮ್‌ಸ್ಕೂಲಿಂಗ್ ಬಗ್ಗೆ ಮಾತಾಡಿದೆ, ನನ್ನ ಹೆಂಡತಿ ಹೋಮ್‌ಸ್ಕೂಲಿಂಗ್ ಮಾಡಿದಳು.

ಅವಳದು ಮನೆಯಲ್ಲೇ ಹೊಲಿಗೆ ಕೆಲಸ. ಆ ವರ್ಷ ದೀಪಾವಳಿಗೆ ಹದಿನಾಲ್ಕು ಬ್ಲೌಸು ಹೊಲಿಯಲಾರದೆ ವಾಪಸ್ ಕಳಿಸಿದಳು. ನನಗೆ ಗೊತ್ತೇ ಆಗಲಿಲ್ಲ. ಒಂದು ರಾತ್ರಿ ಊಟ ಆದ ಮೇಲೆ ಒಂದು ಹಾಳೆ ತಂದು ಮುಂದಿಟ್ಟಳು. ವಾರದ ಏಳು ದಿನ, ಬೆಳಿಗ್ಗೆಯಿಂದ ರಾತ್ರಿವರೆಗೆ ಮಕ್ಕಳ ಜೊತೆ ಯಾರು ಏನು ಮಾಡಿದರು ಅಂತ ಬರೆದಿದ್ದಳು. "ಇದರಲ್ಲಿ ನೀವೆಲ್ಲಿದೀರಿ ಬೆರಳಿಟ್ಟು ತೋರಿಸಿ" ಅಂದಳು. ಭಾನುವಾರ ಸಂಜೆಯ ಒಂದು ಚೌಕದಲ್ಲಿ ನಾನಿದ್ದೆ: "ಅಪ್ಪ, ಐಸ್‌ಕ್ರೀಮು."

ಅಂದಿನಿಂದ ಮಂಗಳವಾರ, ಶುಕ್ರವಾರ ಮಧ್ಯಾಹ್ನದವರೆಗೆ ಮಕ್ಕಳು ನನ್ನ ಪಾಲು. ನನ್ನದು ಸಣ್ಣ ಪ್ರಿಂಟಿಂಗ್ ಪ್ರೆಸ್ಸು, ಮಂಗಳವಾರ ರಜೆ ಮಾಡಿಕೊಂಡೆ, ಶುಕ್ರವಾರ ಅರ್ಧ ದಿನ ಹುಡುಗರು ನೋಡಿಕೊಳ್ಳುತ್ತಾರೆ. ಸಂಬಳದ ಕೆಲಸದಲ್ಲಿರುವವರಿಗೆ ಇದು ಸುಲಭವಲ್ಲ ಅಂತ ಗೊತ್ತು. ಸುಲಭವಲ್ಲದಿದ್ದರೆ ಶುರು ಮಾಡಬೇಡಿ ಅನ್ನುವಷ್ಟು ಒರಟಾಗಿಯೇ ಹೇಳುತ್ತೇನೆ. ಗಂಡ ವಾರಕ್ಕೆ ಎಂಟು ಗಂಟೆ ಕೊಡಲಾರದ ಮನೆಯಲ್ಲಿ ಅದು ಹೆಂಡತಿಯ ಮೇಲೆ ಹೇರುವ ಇನ್ನೊಂದು ಚಾಕರಿ, ಅಷ್ಟೇ. ಒಂಟಿಯಾಗಿ ಮಕ್ಕಳನ್ನು ಮನೆಯಲ್ಲೇ ಓದಿಸುತ್ತಿರುವ ತಾಯಂದಿರನ್ನೂ ನೋಡಿದ್ದೇನೆ. ಅವರಿಗೆ ನಾನು ಹೇಳಿಕೊಡುವುದೇನೂ ಇಲ್ಲ.

ಇನ್ನು ಮಾಡಿದ ತಪ್ಪುಗಳು. ಮೊದಲ ವಾರವೇ ಕಪ್ಪು ಹಲಗೆ ತಂದೆ, ಹಿತ್ತಾಳೆ ಗಂಟೆ ತಂದೆ, ಎಂಟು ಪೀರಿಯಡ್ಡಿನ ಟೈಮ್‌ಟೇಬಲ್ಲನ್ನು ನಮ್ಮ ಪ್ರೆಸ್ಸಿನಲ್ಲೇ ಬಣ್ಣದಲ್ಲಿ ಪ್ರಿಂಟ್ ಹಾಕಿಸಿದೆ. ಒಂಬತ್ತನೇ ದಿನಕ್ಕೆ ಎಲ್ಲ ಮಗುಚಿಕೊಂಡಿತು. ಗಂಟೆ ದೇವರ ಮನೆ ಸೇರಿತು. ಹಲಗೆ ಪ್ರೆಸ್ಸಿನಲ್ಲಿದೆ, ಬಾಕಿ ಕೊಡಬೇಕಾದವರ ಹೆಸರು ಬರೆಯಲು ಬಹಳ ಅನುಕೂಲ. ಆಮೇಲಿನ ಮೂರು ತಿಂಗಳು ಮಗಳು ಕುದುರೆ ಚಿತ್ರ ಬಿಟ್ಟು ಬೇರೇನೂ ಮಾಡಲಿಲ್ಲ. ನನಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಶಾಲೆಯಿಂದ ಬಂದ ಮಗುವಿಗೆ ಹೀಗೊಂದು ಖಾಲಿ ಕಾಲ ಬೇಕು, ಅದು ಕಳೆಯಲಿ ಬಿಡಿ. ಹತ್ತು ವರ್ಷದೊಳಗಿನ ಮಗು ದಿನಕ್ಕೆ ಎರಡು ಗಂಟೆ ಕೂತು ಓದಿ ಬರೆದರೆ ನಮ್ಮ ಅನುಭವದಲ್ಲಿ ಧಾರಾಳ ಸಾಕು. ನಲವತ್ತು ಮಕ್ಕಳ ತರಗತಿಯಲ್ಲಿ ಹಾಜರಿಗೆ, ಸಾಲು ನಿಲ್ಲಿಸುವುದಕ್ಕೆ, ಡೈರಿಗೆ ಹೋಗುವ ಹೊತ್ತು ನಿಮಗೆ ಉಳಿಯುತ್ತದಲ್ಲ.

ನಮ್ಮಪ್ಪನ ವಿಷಯ ಹೇಳಲೇಬೇಕು. ಅವರು ನಂಜನಗೂಡಿನಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದವರು. ಸುದ್ದಿ ಕೇಳಿ, "ನಾವು ಹೊಟ್ಟೆ ಬಟ್ಟೆ ಕಟ್ಟಿ ನಿನ್ನ ಓದಿಸಿದ್ದು ನೀನು ಮೊಮ್ಮಕ್ಕಳ ಸ್ಕೂಲ್ ಬಿಡಿಸೋಕೇನೋ?" ಅಂದರು. ಎರಡು ತಿಂಗಳು ನನ್ನ ಫೋನ್ ಎತ್ತಲಿಲ್ಲ. ವಾದ ಮಾಡಿ ಗೆಲ್ಲಲಾಗಲಿಲ್ಲ. ಕೊನೆಗೆ ಒಂದು ದಿನ ಮಗಳೇ ಫೋನ್ ಮಾಡಿ, "ತಾತ, ಅಂಗಡೀಲಿ ಕ್ಯಾಲ್ಕುಲೇಟರ್ ಇಲ್ದೆ ಹೆಂಗೆ ಲೆಕ್ಕ ಹಾಕ್ತಿದ್ರಿ?" ಅಂತ ಕೇಳಿದಳು. ಮುಂದಿನ ವಾರ ಬಸ್ಸು ಹತ್ತಿ ಮನೆಗೇ ಬಂದರು. ಕಾಲು ಮಗ್ಗಿ, ಅರೆ ಮಗ್ಗಿ, ಮುಕ್ಕಾಲು ಮಗ್ಗಿ, ಒಂದೂವರೆ ಮಗ್ಗಿ ಎಲ್ಲ ಅವರ ನಾಲಿಗೆ ಮೇಲೆ. ಏಳು ಮುಕ್ಕಾಲು (ಅಂದರೆ ಏಳು ಸಲ ಮುಕ್ಕಾಲು) ಐದೂಕಾಲು ಅಂತ ಅವರು ರಾಗವಾಗಿ ಹೇಳುವುದು, ಇವಳು ಹಾಳೆ ಮೇಲೆ ಭಿನ್ನರಾಶಿ ಬರೆದು ತಾಳೆ ನೋಡುವುದು. ನನಗೆ ಭಿನ್ನರಾಶಿ ಸರಿಯಾಗಿ ಅರ್ಥವಾಗಿದ್ದೂ ಆಗಲೇ. ಹಿರಿಯರನ್ನು ಒಪ್ಪಿಸಲು ಹೋಗಬೇಡಿ, ಅವರಿಗೊಂದು ಕೆಲಸ ಕೊಡಿ.

ಮನೆಯ ಲೆಕ್ಕವೆಲ್ಲ ಮಕ್ಕಳ ಕೈಗೆ ಬಂದದ್ದು ಹಾಗೆ. ಗ್ಯಾಸ್ ಸಿಲಿಂಡರ್ ಹಚ್ಚಿದ ದಿನ ಮಗ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾನೆ. 14.2 ಕೆಜಿ, 38 ದಿನ ಬಂತು, ಅಂದರೆ ದಿನಕ್ಕೆ ಸುಮಾರು 374 ಗ್ರಾಂ. ಅತ್ತೆಮನೆಯವರು ಬಂದು ನಾಲ್ಕು ದಿನ ಇದ್ದ ತಿಂಗಳು ಎಷ್ಟಾಯಿತು ಅಂತಲೂ ಲೆಕ್ಕ ಹಾಕಿ ಅವರೆದುರಿಗೇ ಓದಿದ. (ಆ ಪಾಠವನ್ನು ಅಲ್ಲಿಗೇ ನಿಲ್ಲಿಸಿದೆವು.)

ಮಂಗಳವಾರ ಬೆಳಿಗ್ಗೆ ನಮ್ಮ ಮೈಸೂರಿನ ಕುಕ್ಕರಹಳ್ಳಿ ಕೆರೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ, ನೀರುಕಾಗೆ ಎಣಿಸಿ ಬರೆಯುವುದು. ಕಾರಂಜಿ ಕೆರೆ ಪಕ್ಕದ ಪ್ರಾಕೃತಿಕ ಇತಿಹಾಸದ ಮ್ಯೂಸಿಯಮ್ಮು, ರೈಲ್ವೆ ಮ್ಯೂಸಿಯಮ್ಮು ಎಷ್ಟು ಸಲ ನೋಡಿದ್ದೇವೋ ಲೆಕ್ಕವಿಲ್ಲ. ವಾರದ ದಿನ ಅಲ್ಲಿ ಜನವೇ ಇರುವುದಿಲ್ಲ, ಮಗು ಒಂದೇ ಎಂಜಿನ್ನಿನ ಮುಂದೆ ಒಂದು ಗಂಟೆ ನಿಂತರೂ ಯಾರೂ ತಳ್ಳುವುದಿಲ್ಲ. ಪುಸ್ತಕಕ್ಕೂ ಹೆಚ್ಚು ದುಡ್ಡು ಸುರಿಯಬೇಡಿ. ನಮ್ಮ ರಾಜ್ಯದ ಪಠ್ಯಪುಸ್ತಕಗಳು, ಎನ್‌ಸಿಇಆರ್‌ಟಿಯವು ಎಲ್ಲ ಅವರವರ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತವೆ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್‌ನಲ್ಲಿ ಕನ್ನಡ ಕಥೆಗಳು ಬೇಕಾದಷ್ಟಿವೆ. ಅರವಿಂದ ಗುಪ್ತ ಅವರ ಸೈಟಿನಲ್ಲಿ ಬೆಂಕಿಕಡ್ಡಿ, ಸ್ಟ್ರಾ, ಹಳೇ ಸೈಕಲ್ ಟ್ಯೂಬಿನಲ್ಲಿ ಮಾಡುವ ವಿಜ್ಞಾನದ ಆಟಿಕೆಗಳಿವೆ. ಸಾವಿರಾರು ರೂಪಾಯಿಯ "ಹೋಮ್‌ಸ್ಕೂಲಿಂಗ್ ಕಿಟ್" ಮಾರಲು ಬರುವವರಿಗೆ ಕಾಫಿ ಕೊಟ್ಟು ಕಳಿಸಿ.

ಈಗ ಕಾಗದಪತ್ರದ ಮಾತು. ಇದನ್ನು ಯಾರೂ ಮೊದಲೇ ಹೇಳುವುದಿಲ್ಲ, ಆಮೇಲೆ ಪರದಾಡುತ್ತೀರಿ.

2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಸಂಬಂಧಿಸಿದ್ದು. ಮಗುವನ್ನು ಶಾಲೆಗೆ ಸೇರಿಸುವುದು ಪೋಷಕರ ಕರ್ತವ್ಯ ಅಂತ ಅದರ 10ನೇ ಕಲಂ ಹೇಳುತ್ತದೆ. ಸೇರಿಸದಿದ್ದರೆ ತಂದೆತಾಯಿಗೆ ಶಿಕ್ಷೆ ಅಂತ ಅದರಲ್ಲಿಲ್ಲ. ಹೋಮ್‌ಸ್ಕೂಲಿಂಗ್ ಎಂಬ ಪದವೂ ಅದರಲ್ಲಿಲ್ಲ. ಹಾಗಾಗಿ ಸರ್ಕಾರದ ಲೆಕ್ಕದಲ್ಲಿ ನಿಮ್ಮ ಮಗು "ಶಾಲೆಯಿಂದ ಹೊರಗುಳಿದ ಮಗು". ನಮ್ಮ ಮನೆಗೂ ಸಮೀಕ್ಷೆಗೆ ಒಬ್ಬ ಸಿಆರ್‌ಪಿ, ಅಂದರೆ ಸುತ್ತಲಿನ ಶಾಲೆಗಳನ್ನು ನೋಡಿಕೊಳ್ಳುವ ಶಿಕ್ಷಣ ಇಲಾಖೆಯ ಮೇಷ್ಟ್ರು, ಬಂದಿದ್ದರು. ನಾನು ಕಾಯ್ದೆ ಬಾಯಿಪಾಠ ಮಾಡಿಕೊಂಡು ಜಗಳಕ್ಕೆ ಸಿದ್ಧವಾಗಿ ನಿಂತಿದ್ದೆ. ಅವರು ಚಾಪೆ ಮೇಲೆ ಕೂತು ಮಗಳ ಪಕ್ಷಿ ನೋಟ್‌ಬುಕ್ಕನ್ನು ಅರ್ಧ ಗಂಟೆ ತಿರುವಿ ಹಾಕಿದರು. ಹೊರಡುವಾಗ, "ಹತ್ತನೇ ಕ್ಲಾಸಿಗೆ ಏನು ಮಾಡ್ತೀರಿ ಅಂತ ಈಗ್ಲೇ ಯೋಚ್ನೆ ಮಾಡಿ ಸಾರ್" ಅಂದರು. ಅಲ್ಲಿಯವರೆಗೆ ನಾವು ಯೋಚಿಸಿರಲಿಲ್ಲ.

ಮಗುವಿನ ಓದಿನ ದಾಖಲೆ ಇಡಿ. ಬರೆದ ನೋಟ್‌ಬುಕ್ಕು, ಚಿತ್ರ, ತಾರೀಖು ಹಾಕಿದ ಫೋಟೋ, ಒಂದು ಪೆಟ್ಟಿಗೆ ತುಂಬ ಇರಲಿ. ಶಾಲೆ ಬಿಡಿಸುವಾಗ ಟಿಸಿ ಇಸಿದುಕೊಳ್ಳಿ.

ಹತ್ತನೆಯದಕ್ಕೆ ನಾವು ಹಿಡಿದದ್ದು ಎನ್‌ಐಒಎಸ್, ಅಂದರೆ ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ. 1989ರಿಂದ ಇರುವ ಕೇಂದ್ರ ಸರ್ಕಾರದ ಬೋರ್ಡು. ಹತ್ತನೆಯದಕ್ಕೆ ನೋಂದಾಯಿಸಲು 14 ವರ್ಷ ತುಂಬಿರಬೇಕು. ಐದು ವಿಷಯ ಪಾಸಾಗಬೇಕು, ಅದರಲ್ಲಿ ಒಂದಾದರೂ ಭಾಷೆ ಇರಬೇಕು. ವರ್ಷಕ್ಕೆ ಎರಡು ಸಲ ಪರೀಕ್ಷೆ, ಏಪ್ರಿಲ್-ಮೇ ಮತ್ತು ಅಕ್ಟೋಬರ್-ನವೆಂಬರ್. ಎಲ್ಲವನ್ನೂ ಒಟ್ಟಿಗೆ ಬರೆಯಬೇಕಿಲ್ಲ, ಐದು ವರ್ಷದೊಳಗೆ ಒಂದೊಂದಾಗಿ ಮುಗಿಸಬಹುದು. ಮಗಳು ಮೊದಲು ಕನ್ನಡ, ಇಂಗ್ಲಿಷ್, ಚಿತ್ರಕಲೆ ಮುಗಿಸಿದಳು. ಗಣಿತ, ವಿಜ್ಞಾನ ಬಾಕಿ. ಇಷ್ಟ ಬಂದ ವಿಷಯ ಆರಿಸಿಕೊಳ್ಳಬಹುದು ಅನ್ನುವುದು ಚೆಂದ, ಆದರೆ ಮುಂದೆ ಪಿಯುಸಿಯಲ್ಲಿ ಸೈನ್ಸ್ ಬೇಕೆಂದರೆ ಈಗ ಗಣಿತ, ವಿಜ್ಞಾನ ಬಿಡಬೇಡಿ. "ಪಾಸ್ ಗ್ಯಾರಂಟಿ, ನಾವೇ ಎಲ್ಲ ನೋಡ್ಕೋತೀವಿ" ಅನ್ನುವ ಏಜೆಂಟರು ಸುತ್ತ ಇದ್ದಾರೆ. ಅವರು ತುಂಬುವ ಫಾರ್ಮನ್ನು ನೀವೇ ಕೂತು ತುಂಬಬಹುದು. ಎನ್‌ಐಒಎಸ್ ಬೇಡವೆಂದರೆ ನಮ್ಮದೇ ಎಸ್ಸೆಸ್ಸೆಲ್ಸಿಗೆ ಖಾಸಗಿ ಅಭ್ಯರ್ಥಿಯಾಗಿ ಕಟ್ಟಿಸುವ ದಾರಿಯೂ ಇದೆ.

ಎನ್‌ಐಒಎಸ್‌ನಲ್ಲಿ ಓದಿದರೆ ಡಾಕ್ಟರ್ ಆಗಲಿಕ್ಕಾಗಲ್ಲವಂತೆ ಅಂತ ಹೆದರಿಸುವವರಿದ್ದಾರೆ. ನೀಟ್ ವಿಷಯದಲ್ಲಿ ಕೆಲವು ವರ್ಷ ಗೊಂದಲ ಇದ್ದದ್ದು ನಿಜ, 2024ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ಅದು ಬಗೆಹರಿದಿದೆ. ನಿಜವಾಗಿ ತಲೆ ಕೆಡಿಸಿಕೊಳ್ಳಬೇಕಾದದ್ದು ಸಿಇಟಿ ಬಗ್ಗೆ. ಸರ್ಕಾರಿ ಸೀಟಿಗೆ ಕರ್ನಾಟಕದ ಅಭ್ಯರ್ಥಿ ಅನ್ನಿಸಿಕೊಳ್ಳಲು ಎಲ್ಲರೂ ಸಾಮಾನ್ಯವಾಗಿ ತೋರಿಸುವುದು ರಾಜ್ಯದಲ್ಲಿ ಕನಿಷ್ಠ 7 ವರ್ಷ ಓದಿದ ವ್ಯಾಸಂಗ ಪ್ರಮಾಣಪತ್ರ. ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿಗೆ ಒಂದರಿಂದ ಹತ್ತರವರೆಗಿನದು ಬೇಕು. ಮನೆಯಲ್ಲಿ ಓದಿದ ಮಗುವಿಗೆ ಇದನ್ನು ಯಾರು ಬರೆದುಕೊಡುತ್ತಾರೆ? ಪೋಷಕರ ಓದಿನ ಆಧಾರದ ಮೇಲೆ ಅರ್ಹತೆ ಸಿಗುವಂಥ ಬೇರೆ ಕಲಂಗಳೂ ಇವೆ. ಮಗುವಿಗೆ ಎಂಟು ವರ್ಷವಿರುವಾಗಲೇ ಸಿಇಟಿ ನಡೆಸುವ ಕೆಇಎಯವರ ಮಾಹಿತಿ ಪುಸ್ತಿಕೆ ತೆಗೆದು ಓದಿ, ಹದಿನೇಳಕ್ಕೆ ಬಂದಾಗ ಅಲ್ಲ. ಹಳ್ಳಿಯಲ್ಲಿದ್ದು ಕನ್ನಡ ಶಾಲೆಯಿಂದ ಮಗುವನ್ನು ಬಿಡಿಸುತ್ತೇನೆ ಅನ್ನುವವರಿಗೆ ನಾನು ಬಿಡಿಸಬೇಡಿ ಅಂತಲೇ ಹೇಳುತ್ತೇನೆ. ಆ ಮೀಸಲಾತಿ ಕಳೆದುಕೊಳ್ಳುವುದು ಸಣ್ಣ ಮಾತಲ್ಲ.

"ಬೇರೆ ಮಕ್ಕಳ ಜೊತೆ ಬೆರೆಯೋದು ಹೆಂಗೆ?" ಎಲ್ಲರೂ ಕೇಳುವ ಪ್ರಶ್ನೆ. ಹೋಮ್‌ಸ್ಕೂಲಿಂಗ್ ಮಾಡುವವರು ಇದನ್ನು ನಕ್ಕು ತಳ್ಳಿಹಾಕುತ್ತಾರೆ. ನಾನೂ ತಳ್ಳಿಹಾಕಿದವನೇ. ಬೇಸಿಗೆಯಲ್ಲಿ ರಂಗಾಯಣದ ಚಿಣ್ಣರ ಮೇಳ ಇದೆ, ಮೃಗಾಲಯದ ಯೂತ್ ಕ್ಲಬ್ ಇದೆ, ಸಂಜೆ ಬೀದಿ ಕ್ರಿಕೆಟ್ಟಿದೆ ಅಂತ ಪಟ್ಟಿ ಒಪ್ಪಿಸುತ್ತಿದ್ದೆ. ಮಗಳಿಗೆ ಅಷ್ಟು ಸಾಕಿತ್ತು, ಅವಳು ಸ್ವಭಾವತಃ ಒಂಟಿ. ಮಗನಿಗೆ ಸಾಲಲಿಲ್ಲ. ಮಧ್ಯಾಹ್ನ ಮೂರಕ್ಕೆ ಗೇಟಿನ ಮೇಲೆ ಹತ್ತಿ ಕೂತು, ನಾಲ್ಕೂವರೆಗೆ ಶಾಲೆ ವ್ಯಾನು ಬರುವವರೆಗೆ ದಾರಿ ನೋಡುತ್ತಿದ್ದ. ಅದನ್ನು ಒಂದು ವರ್ಷ ನೋಡಿಯೂ ನೋಡದವನಂತೆ ಇದ್ದೆ. ಹೋದ ಯುಗಾದಿ ದಿನ ಅವನೇ ಬಾಯಿಬಿಟ್ಟ: "ಅಪ್ಪ, ನಾನು ಸ್ಕೂಲಿಗೆ ಹೋಗ್ಲಾ?"

ಎದೆ ಧಸಕ್ಕೆಂದಿತು. ಇಷ್ಟು ವರ್ಷ ಊರಿಗೆಲ್ಲ ಹೇಳಿಕೊಂಡು ತಿರುಗಿದವನು ನಾನು. ನಾಲ್ಕು ದಿನ ಮಾತಾಡಲಿಲ್ಲ. ಐದನೇ ದಿನ ಹೆಂಡತಿ, "ಅವನು ಕೇಳಿದ್ದು ಸ್ಕೂಲಿಗೆ ಹೋಗ್ಲಾ ಅಂತ, ನೀವು ಸೋತ್ರಾ ಅಂತಲ್ಲ" ಅಂದಳು.

ಅದೇ ಶಿಕ್ಷಣ ಹಕ್ಕು ಕಾಯ್ದೆಯ 4ನೇ ಕಲಂ ಪ್ರಕಾರ, ಶಾಲೆಗೆ ಸೇರದೇ ಉಳಿದ ಮಗುವನ್ನು ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಮನೆ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಆರನೇ ಕ್ಲಾಸಿಗೆ ಸೇರಿಸಿದೆವು. ಹೆಡ್‌ಮಿಸ್ ಎರಡು ಪುಟ ಓದಿಸಿದರು, ಒಂದು ಭಾಗಾಕಾರ ಮಾಡಿಸಿದರು, "ಪರ್ವಾಗಿಲ್ಲ, ಚೆನ್ನಾಗೇ ಹೇಳಿಕೊಟ್ಟಿದೀರಿ" ಅಂದರು. ಹೆಂಡತಿಯ ಕಡೆ ನೋಡಿ ಹೇಳಿದರು, ನ್ಯಾಯವಾಗಿಯೇ.

ನಿನ್ನೆ ರಾತ್ರಿ ಅಕ್ಕ ತಮ್ಮ ನೆಲದ ಮೇಲೆ ಕೂತು ಪುಸ್ತಕಕ್ಕೆಲ್ಲ ಬೈಂಡ್ ಹಾಕಿದರು. ಲೇಬಲ್ಲು ನಮ್ಮ ಪ್ರೆಸ್ಸಿನದೇ. ಮಲಗುವ ಮುಂಚೆ ಹೊಸ ಬ್ಯಾಗನ್ನು ತಲೆದೆಸೆಗಿಟ್ಟುಕೊಂಡು ಮಗ ಕೇಳಿದ, "ಅಪ್ಪ, ಇನ್ಮೇಲೆ ಮಂಗಳವಾರ ಕೆರೆ ಹತ್ರ ಹೆಜ್ಜಾರ್ಲೆ ಎಣಿಸೋರು ಯಾರು?"

"ಅಕ್ಕ ಇದಾಳಲ್ಲೋ" ಅಂದೆ.

"ಅವಳು ಎಣಿಸಲ್ಲ, ಬರೀ ಚಿತ್ರ ಬರೀತಾಳೆ. ನೀನೇ ಎಣಿಸು. ಭಾನುವಾರ ನಂಗೆ ಲೆಕ್ಕ ಕೊಡು."