ಅಜ್ಜನ ಅಕ್ಷರವನ್ನು ಮೊಮ್ಮಕ್ಕಳು ತಿದ್ದಬೇಕೇ?

ಹದಿನಾರರಿಂದ ಹದಿನೆಂಟನೆಯ ಶತಮಾನದವರೆಗೆ ಪೋಲೆಂಡಿನ ಕುಲೀನ ಮನೆತನಗಳಲ್ಲಿ ‘ಸಿಲ್ವಾ ರೇರುಂ’ ಎಂಬ ಕೈಬರಹದ ದಪ್ಪ ಪುಸ್ತಕವನ್ನು ಇಟ್ಟುಕೊಳ್ಳುವ ರೂಢಿಯಿತ್ತು. ಅಪ್ಪ ನಿಲ್ಲಿಸಿದಲ್ಲಿಂದ ಮಗ, ಅವನ ನಂತರ ಮೊಮ್ಮಗ ಮುಂದುವರಿಸುತ್ತಿದ್ದ ಆ ಪುಸ್ತಕದಲ್ಲಿ ವಂಶಾವಳಿ, ಮದುವೆ ಮತ್ತು ಸಾವಿನ ಸಂದರ್ಭದ ಭಾಷಣಗಳು, ಪತ್ರಗಳ ನಕಲು, ಲೆಕ್ಕಪತ್ರ, ಮನೆಮದ್ದು, ಕವಿತೆ, ರಾಜಕೀಯದ ಸುದ್ದಿ ಎಲ್ಲವೂ ಯಾವ ಮಡಿ ಮೈಲಿಗೆಯೂ ಇಲ್ಲದೆ ಅಕ್ಕಪಕ್ಕದಲ್ಲಿ ಕೂತಿರುತ್ತಿದ್ದವು. ಅದನ್ನು ಅಚ್ಚು ಹಾಕಿಸುವ ಉದ್ದೇಶ ಯಾರಿಗೂ ಇರಲಿಲ್ಲ. ಮನೆಯವರು, ನೆಂಟರಿಷ್ಟರು ಓದಿದರೆ ಸಾಕಿತ್ತು.

ದೇಶ ಬಿಟ್ಟುಹೋದ ಪೋಲಿಷ್ ಕುಟುಂಬಗಳು ತಲೆಮಾರುಗಳ ಕಾಲ ಬರೆದಿಟ್ಟ ಮನೆಯ ವೃತ್ತಾಂತಗಳ ತೊಡಕು ಬೇರೆ. ಅಲ್ಲಿ ಮೂರನೆಯ ತಲೆಮಾರಿನ ಹೊತ್ತಿಗೆ ಭಾಷೆಯೇ ಕೈತಪ್ಪುತ್ತದೆ. ಪೋಲಿಷ್ ಓದಲಾರದ ಮೊಮ್ಮಕ್ಕಳು ಅದನ್ನು ಇಂಗ್ಲಿಷಿಗೆ ತರಿಸಿ, ಮತ್ತೆ ಮತ್ತೆ ಬರುವ ಮಾತುಗಳನ್ನು ತೆಗೆದು, ಮುಜುಗರದ ಸಂಗತಿಗಳನ್ನು ಕೈಬಿಟ್ಟು, ಚೆಂದದ ರಟ್ಟು ಹಾಕಿಸುತ್ತಾರೆ. ಮೂಲ ಪುಸ್ತಕ ಅಟ್ಟ ಸೇರುತ್ತದೆ. ಉದ್ದೇಶ ಒಳ್ಳೆಯದೇ ಇರಬಹುದು, ಆದರೆ ಈ ಕೆಲಸವನ್ನು ನಾನು ಒಪ್ಪುವುದಿಲ್ಲ.

ಇದು ಬರೀ ಭಾವುಕತೆಯ ಮಾತಲ್ಲ. ವಿಲಿಯಂ ಥಾಮಸ್ ಮತ್ತು ಫ್ಲೋರಿಯಾನ್ ಜ್ನಾನ್ಯೆತ್ಸ್ಕಿ ಎಂಬ ಸಮಾಜಶಾಸ್ತ್ರಜ್ಞರು ಅಮೆರಿಕಕ್ಕೆ ಹೋದ ಪೋಲಿಷ್ ರೈತರ ಬಗ್ಗೆ 1918ರಿಂದ 1920ರವರೆಗೆ ಐದು ಸಂಪುಟಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಅದಕ್ಕಾಗಿ ಹಣ ಕೊಟ್ಟು ಕೊಂಡ ಕುಟುಂಬಗಳ ಪತ್ರಗಳು ಇಂಗ್ಲಿಷ್ ಅನುವಾದದಲ್ಲಿ ಅಚ್ಚಾದವು. ಮೂಲ ಪತ್ರಗಳು ಉಳಿಯಲಿಲ್ಲ. ದಶಕಗಳ ನಂತರ ಆ ಗ್ರಂಥದ ಪೋಲಿಷ್ ಆವೃತ್ತಿ ಬಂದಾಗ, ಪೋಲಿಷ್ ರೈತರ ಸ್ವಂತ ಮಾತುಗಳನ್ನು ಇಂಗ್ಲಿಷಿನಿಂದ ಪೋಲಿಷಿಗೆ ಮರಳಿ ಅನುವಾದಿಸಬೇಕಾಯಿತು. ಯಾವ ಊರಿನ ಆಡುನುಡಿ, ಎಷ್ಟು ಕಲಿತವರ ಕಾಗುಣಿತ, ಎಲ್ಲಿ ಬರೆದು ಹೊಡೆದುಹಾಕಿದ್ದರು ಎಂಬುದನ್ನು ಇನ್ನು ಯಾವ ವಿದ್ವಾಂಸರೂ ಹೇಳಲಾರರು.

ಆ ಪತ್ರಗಳ ಆರಂಭವನ್ನೇ ನೋಡಿ. ಮೊದಲು ‘ಯೇಸುಕ್ರಿಸ್ತನಿಗೆ ಸ್ತೋತ್ರ’ ಎಂಬ ವಂದನೆ, ಅದಕ್ಕೆ ಮನೆಯವರು ‘ಯುಗಯುಗಾಂತರಕ್ಕೂ, ಆಮೆನ್’ ಎಂದು ಉತ್ತರಿಸುವರೆಂಬ ಭರವಸೆ, ಬಳಿಕ ದೇವರ ದಯೆಯಿಂದ ಆರೋಗ್ಯವಾಗಿದ್ದೇವೆ ಎಂಬ ಒಕ್ಕಣೆ, ಆಮೇಲೆ ಬಂಧುಗಳಿಗೆ ಒಬ್ಬೊಬ್ಬರಿಗಾಗಿ ನಮಸ್ಕಾರ. ಶುದ್ಧಪ್ರತಿ ಮಾಡುವವರ ಕತ್ತರಿ ಮೊದಲು ಬೀಳುವುದು ಇಲ್ಲಿಗೇ. ಆದರೆ ಹಿಂದಿನ ಪತ್ರದಲ್ಲಿದ್ದ ಚಿಕ್ಕಪ್ಪನ ಹೆಸರು ಈ ಪತ್ರದಲ್ಲಿ ಬಿಟ್ಟುಹೋಗಿದ್ದರೆ ಆ ಮನೆಯಲ್ಲಿ ಏನೋ ನಡೆದಿದೆ ಎಂದೇ ಅರ್ಥ. ಜಗಳವನ್ನು ಯಾರೂ ಬಾಯಿಬಿಟ್ಟು ಬರೆದಿಡುವುದಿಲ್ಲ.

ಇನ್ನು ತಲುಪಬೇಕಾದವರಿಗೆ ತಲುಪದೇ ಹೋದ ಪತ್ರಗಳ ಕಥೆಯೂ ಇದೆ. ಆಗ ಪೋಲೆಂಡಿನ ಒಂದು ಭಾಗ ರಷ್ಯಾದ ಆಳ್ವಿಕೆಯಲ್ಲಿತ್ತು; ವಲಸೆಯನ್ನು ತಡೆಯಲೆಂದು ರಷ್ಯಾದ ಚಕ್ರವರ್ತಿಯ ಅಧಿಕಾರಿಗಳು 1890-91ರಲ್ಲಿ ಅಮೆರಿಕ, ಬ್ರೆಜಿಲ್‌ಗಳಿಂದ ಬಂದ ಪತ್ರಗಳನ್ನು ತಡೆಹಿಡಿದರು. ಕೆಲವು ಲಕೋಟೆಗಳಲ್ಲಿ ಹೆಂಡತಿ ಮಕ್ಕಳಿಗೆಂದು ಕಳಿಸಿದ ಹಡಗಿನ ಟಿಕೆಟ್ಟೂ ಇತ್ತು. ಆ ರಾಶಿಯ ಬಹುಪಾಲು 1944ರಲ್ಲಿ ವಾರ್ಸಾದಲ್ಲಿ ಸುಟ್ಟುಹೋಯಿತು. ಉಳಿದವನ್ನು ಇತಿಹಾಸಕಾರ ವಿಟೋಲ್ಡ್ ಕೂಲಾ ಮತ್ತು ಸಂಗಡಿಗರು 1973ರಲ್ಲಿ ಪ್ರಕಟಿಸಿದರು. ಯುದ್ಧದ ಬೆಂಕಿಯಲ್ಲಿ ಹೋದದ್ದಕ್ಕೆ ಯಾರೇನು ಮಾಡಲಾದೀತು? ನಾವೇ ಕೈಯಾರೆ ಕಳೆಯುವುದಕ್ಕೆ ಆ ಸಮಾಧಾನವೂ ಇಲ್ಲ.

1940ರಲ್ಲಿ ಸೋವಿಯತ್ ಆಡಳಿತ ಪೂರ್ವ ಪೋಲೆಂಡಿನ ಕುಟುಂಬಗಳನ್ನು ಸೈಬೀರಿಯಾ, ಕಜಾಕಿಸ್ತಾನಗಳಿಗೆ ಸಾಗಿಸಿತು. ಅವರಲ್ಲಿ ಹಲವರು 1942ರಲ್ಲಿ ಇರಾನ್ ತಲುಪಿದರು. ಸುಮಾರು ಐದು ಸಾವಿರ ಮಂದಿ, ಹೆಚ್ಚಾಗಿ ಹೆಂಗಸರು ಮತ್ತು ಮಕ್ಕಳು, 1943ರಿಂದ 1948ರವರೆಗೆ ಕೊಲ್ಹಾಪುರದ ಪಕ್ಕದ ವಳಿವಡೆಯ ಶಿಬಿರದಲ್ಲಿದ್ದರು. (ನಮ್ಮ ನಿಪ್ಪಾಣಿಯಿಂದ ಅದೇನೂ ಬಹಳ ದೂರವಲ್ಲ; ಆದರೂ ಈ ಕಥೆ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು?) ಅಂಥ ಮನೆಯ ಪುಸ್ತಕದಲ್ಲಿ ತಾಯಿ ಬರೆದ ಪುಟಗಳ ತುಂಬ ಯುದ್ಧಕ್ಕೆ ಹೋದ ಗಂಡನ ಸುದ್ದಿಗಾಗಿ ಕಾದದ್ದೇ ಇರಬಹುದು, ಅದೇ ವರ್ಷಗಳ ಬಗ್ಗೆ ಮಗಳು ದೊಡ್ಡವಳಾದ ಮೇಲೆ ಬರೆದರೆ ಶಾಲೆ, ಸ್ಕೌಟ್, ಗೆಳತಿಯರೇ ತುಂಬಿಕೊಂಡಾರು. ಎರಡನ್ನೂ ಕಲಸಿ ಒಂದೇ ಸರಾಗ ಕಥನ ಮಾಡಿದರೆ ತಾಯಿಯೂ ಉಳಿಯುವುದಿಲ್ಲ, ಮಗಳೂ ಉಳಿಯುವುದಿಲ್ಲ.

ಅನುವಾದ ಬೇಡವೆಂದು ನಾನು ಹೇಳುತ್ತಿಲ್ಲ. ಬೇರೆ ಪುಸ್ತಕದಲ್ಲಿ ಮಾಡಲಿ, ಅಂಚಿನಲ್ಲಿ ಮೂಲದ ಪುಟಸಂಖ್ಯೆ ಹಾಕಲಿ, ಓದಲಾಗದ ಪದದ ಜಾಗವನ್ನು ಊಹೆಯಿಂದ ತುಂಬದೆ ಖಾಲಿ ಬಿಡಲಿ. ಅಜ್ಜ ಹೇಳಿದ ಇಸವಿ ತಪ್ಪೆಂದು ಕಂಡರೆ ಅದನ್ನು ಹೊಡೆದುಹಾಕದೆ, ಕೆಳಗೆ ತಮ್ಮ ಹೆಸರು, ತಾರೀಖು ಹಾಕಿ, ತಮಗೆ ಬರುವ ಇಂಗ್ಲಿಷಿನಲ್ಲೇ ಆಕ್ಷೇಪ ಬರೆಯಲಿ. ಹಾಗೆ ಮಾಡಿದವರೂ ಆ ಪುಸ್ತಕದ ಮುಂದಿನ ಲೇಖಕರೇ ಆಗುತ್ತಾರೆ.